ಸಂಬಂಧಿಕರಿಗೆ ಆಚೆ ಮೇಜು

ಮನೆ ಕೊಳ್ಳುವವರಿಗೆ ಸಾಲದ ವಿಚಾರದಲ್ಲಿ ನಾಲ್ಕು ನಿಜವಾದ ಮಾತು ಪುಕ್ಕಟೆ ಸಿಗುವ ಜಾಗ ನಮ್ಮ ಊರಿನಲ್ಲಿ ಒಂದೇ ಒಂದಿದೆ. ಅದು ಪುರಸಭೆಯ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಜನನ ಮರಣ ವಿಭಾಗದ ನೆತ್ತಿಯ ಮೇಲಿದೆ. ಲಿಫ್ಟ್ ಇದೆ. ಅದರ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿಯೂ ಇದೆ, ಚೀಟಿ ಹಳದಿ ಬಣ್ಣಕ್ಕೆ ತಿರುಗಿ ವರ್ಷಗಳಾದವು. ನಲವತ್ತೆರಡು ಮೆಟ್ಟಿಲು ಹತ್ತಿ ಬಂದರೆ ಒಂದು ಉದ್ದನೆಯ ಬೆಂಚು, ಟೋಕನ್ ಹರಿದುಕೊಳ್ಳುವ ಡಬ್ಬಿ, ಎರಡು ಮೇಜು. ಕಿಟಕಿಯ ಪಕ್ಕದ್ದು ನನ್ನದು. ಆಚೆಯದು ಕನ್ನಡಕದವರದು. ಅವರಿಗೆ ಒಳ್ಳೆಯ ಹೆಸರೇ ಇದೆ, ಆದರೆ ಅಷ್ಟು ದಪ್ಪದ ಗಾಜು ಹಾಕಿಕೊಂಡವರನ್ನು ಹೆಸರು ಹಿಡಿದು ಕರೆಯುವ ತಾಳ್ಮೆ ಯಾರಿಗಿದೆ?

ಇಪ್ಪತ್ತಾರು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ಬಂದವಳು ನಾನು. ಅಲ್ಲಿ ಬೆನ್ನ ಹಿಂದೆ ನನ್ನನ್ನು ಸೂಜಿ ಎನ್ನುತ್ತಿದ್ದರು. ಕಾಗದದಲ್ಲಿ ಎಲ್ಲಿ ಮೋಸ ಅಡಗಿದೆಯೋ ಅಲ್ಲಿಗೇ ಹೋಗಿ ಚುಚ್ಚುತ್ತೇನಂತೆ. ಹೊಗಳಿಕೆ ಎಂದುಕೊಂಡು ಸುಮ್ಮನಿದ್ದೆ. ಇಲ್ಲಿಗೆ ಬಂದ ಮೇಲೆ ಆ ಸೂಜಿಗೆ ಕೆಲಸ ಹೆಚ್ಚಾಯಿತು, ಉಪಯೋಗ ಕಡಿಮೆಯಾಯಿತು. ಯಾಕೆಂದರೆ ಬರುವ ಹತ್ತು ಜನರಲ್ಲಿ ಏಳು ಜನ ಸಹಿ ಹಾಕಿದ ಮೇಲೆಯೇ ಬರುತ್ತಾರೆ. ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದು, “ಮೇಡಂ, ಇದನ್ನ ಸ್ವಲ್ಪ ನೋಡಿ” ಎಂದು ಕರಾರುಪತ್ರ ಮುಂದಿಡುತ್ತಾರೆ. ನನಗೆ ಕೋಪ ನೆತ್ತಿಗೇರುತ್ತದೆ.

“ಈಗ ನೋಡಿ ಏನು ಮಾಡ್ಲಿ? ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ಲಾ?” ಎನ್ನುತ್ತೇನೆ. ಹಾಗೆ ಅನ್ನಬಾರದು, ಗೊತ್ತು. ಸಾಲದ ಕಂಪನಿಗಳ ಏಜೆಂಟರು ಹಾಗೆ ಅನ್ನುವುದಿಲ್ಲ. ಅವರು ಜನರ ಮನೆ ಬಾಗಿಲಿಗೇ ಹೋಗಿ, ಮಂಚದ ಅಂಚಿನಲ್ಲಿ ಕೂತು, ಮಗುವಿನ ತಲೆ ಸವರಿ, ಇಂಥಿಂಥಲ್ಲಿ ಸಹಿ ಹಾಕಿ ಅಣ್ಣ ಎಂದು ಬೆರಳಿಟ್ಟು ತೋರಿಸುತ್ತಾರೆ. ಜನ ಅವರನ್ನು ನಂಬುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಗೋಡೆಗೆ ಕಟ್ಟು ಹಾಕಿಸಿದ ಕಾಗದ ನಿಜವಾಗಿಯೂ ಒಂದಿದೆ. ‘ಸಲಹೆಗಾರರು ತಮ್ಮ ಸಂಬಂಧಿಕರ, ನೆರೆಯವರ, ಪರಿಚಿತರ ಸಾಲದ ಕಾಗದಗಳನ್ನು ಕಚೇರಿಯಲ್ಲಾಗಲಿ ಹೊರಗಾಗಲಿ ನೋಡತಕ್ಕದ್ದಲ್ಲ. ಅಂಥವರು ಆಚೆ ಮೇಜಿಗೆ ಹೋಗತಕ್ಕದ್ದು. ಈ ನಿಯಮ ಮೀರಿದವರು ಮೇಜು ಬಿಡತಕ್ಕದ್ದು.’ ಬರೆದವಳು ನಾನೇ. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಮಹಾನುಭಾವ ಬಂದವರನ್ನೆಲ್ಲ ತನ್ನ ಭಾವಮೈದುನನ ಸಾಲದ ಕಂಪನಿಗೆ ಕಳಿಸುತ್ತಿದ್ದ. ಅದು ಬಯಲಾಗಿ ಈ ಸಲಹಾ ಕೇಂದ್ರಕ್ಕೆ ಬೀಗ ಬೀಳುವುದರಲ್ಲಿತ್ತು. ನಾನು ಬಂದ ಮೊದಲ ವಾರವೇ ಈ ನಿಯಮ ಬರೆದು ಕೊಟ್ಟೆ. ಮೇಲಿನವರು ಭೇಷ್ ಎಂದು ಕಟ್ಟು ಹಾಕಿಸಿದರು. ಆ ಕಟ್ಟಿನ ಧೂಳನ್ನು ದಿನಾ ಬೆಳಗ್ಗೆ ನಾನೇ ಒರೆಸುತ್ತಿದ್ದೆ, ಜವಾನನಿಗೆ ಬಿಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಮಂಗಳವಾರ ನನ್ನ ತಮ್ಮ ಹೆಂಡತಿಯ ಜೊತೆ ಆ ನಲವತ್ತೆರಡು ಮೆಟ್ಟಿಲು ಹತ್ತಿ ಬಂದ.

ತಮ್ಮ ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವನು. ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕೆಲಸ. ಅವನ ಬೆರಳುಗಳಲ್ಲಿ ಗಾಯದ ಗೆರೆ ಇಲ್ಲದ ಬೆರಳೇ ಇಲ್ಲ. ಊರಿನ ಅರ್ಧ ಮನೆಗಳಿಗೆ ಬೆಳಕು ಬಿಟ್ಟವನು ತಾನು ಮಾತ್ರ ಮರಗೆಲಸದ ವರ್ಕ್‌ಶಾಪಿನ ಮೇಲಿನ ಎರಡು ಬಾಡಿಗೆ ಕೋಣೆಗಳಲ್ಲಿದ್ದ. ಕೆಳಗೆ ಗರಗಸ ತಿರುಗಿದರೆ ಮೇಲೆ ಊಟದ ತಟ್ಟೆಯ ಮೇಲೂ ಹೊಟ್ಟು ಕೂರುತ್ತಿತ್ತು. ಏಳು ವರ್ಷದ ಮಗಳು, ನಾವೆಲ್ಲ ಮರಿ ಎಂದು ಕರೆಯುವವಳು, ಆ ಹೊಟ್ಟು ಕುಡಿದು ಕುಡಿದು ಮಲಗಿದಲ್ಲೇ ಕೆಮ್ಮುತ್ತಿದ್ದಳು. ಮನೆ ಬದಲಾಯಿಸದೆ ಔಷಧ ಹಿಡಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ತಮ್ಮನಿಗೆ ಮನೆ ಎಂದರೆ ಹಾಗೆ, ಮಗಳ ಉಸಿರು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಟೋಕನ್ ಹದಿನಾಲ್ಕು. ಗಂಡ ಹೆಂಡತಿ ಇಬ್ಬರೂ ನನ್ನೆದುರು ಕೂತರು. ತಮ್ಮ ಕೆಂಪು ಫೈಲನ್ನು ಮೇಜಿನ ಮೇಲಿಟ್ಟು ಹಲ್ಲು ಬಿಟ್ಟ.

“ನಮಸ್ಕಾರ ಮೇಡಂ. ಮನೆ ಸಿಕ್ತು.”

ನನಗೂ ನಗು ಬಂತು. ಆದರೆ ಬೆಂಚಿನ ಮೇಲೆ ಒಂಬತ್ತು ಜನ ಕೂತಿದ್ದರು. ಅವರಲ್ಲಿ ಒಬ್ಬಾಕೆ ನಮ್ಮ ಬೀದಿಯವಳು. ಆ ದಿನ ಬೆಳಗ್ಗೆಯೇ ಅವಳನ್ನು ನೆರೆಯವಳೆಂದು ನಾನು ವಾಪಸು ಕಳಿಸಿದ್ದೆ. ಹೋಗದೆ ಅಲ್ಲೇ ಕೂತು ಇನ್ನೇನು ನಡೆಯುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು.

“ಆ ಗೋಡೆ ಮೇಲಿರೋದನ್ನ ಓದು,” ಅಂದೆ.

ತಮ್ಮ ತಿರುಗಿ ಓದಿದ. ಅವನ ಹೆಂಡತಿಯೂ ಓದಿದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ವಿಭಾಗದ ಮೇಸ್ತ್ರಿಣಿ. ಏನನ್ನೂ ಅರ್ಧಕ್ಕೆ ಬಿಡುವವಳಲ್ಲ, ಕೊನೆಯ ಅಕ್ಷರದ ತನಕ ಓದಿದಳು.

“ಸರಿ, ಆಚೆ ಮೇಜಿನೋರು ಎಲ್ಲಿ ಅಕ್ಕ?” ಅಂದಳು.

“ಕಣ್ಣಿನ ಆಪರೇಷನ್ ಆಗಿದೆ. ಸೋಮವಾರ ಬರ್ತಾರೆ. ಸೋಮವಾರ ಬನ್ನಿ.”

“ಶುಕ್ರವಾರ ಸಹಿ ಅಂದಿದಾರೆ,” ತಮ್ಮ ದನಿ ತಗ್ಗಿಸಿದ. “ತಪ್ಪಿದ್ರೆ ಮುಂಗಡ ಹೋಗುತ್ತಂತೆ. ಬೇರೆಯವರು ಕಾಯ್ತಾ ಇದಾರಂತೆ.”

“ಹಾಗಂದೋರು ಯಾರು?”

“ಏಜೆಂಟು. ಒಳ್ಳೆ ಮನುಷ್ಯ ಅಕ್ಕ. ಮೂರು ಸಲ ಮನೆಗೆ ಬಂದಿದಾನೆ.”

“ಬಂದೇ ಬರ್ತಾನೆ. ಮೂರು ದಿನ ಮುಂದಕ್ಕೆ ಹಾಕೋಕೆ ಹೇಳು. ಅವನು ಒಳ್ಳೆಯವನಾದ್ರೆ ಒಪ್ಕೋತಾನೆ.”

ಅಷ್ಟು ಹೇಳಿ ಹದಿನೈದು ಎಂದು ಕೂಗಿದೆ. ತಮ್ಮ ಫೈಲು ಎತ್ತಿಕೊಂಡ. “ಸರಿ ಬಿಡಕ್ಕ,” ಅಂದ. ಸಿಟ್ಟಿನಿಂದ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೀದಿಯ ಹೆಂಗಸಿನ ಮುಖದಲ್ಲಿ ಮೆಚ್ಚುಗೆ ಕಂಡಿತು, ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಈಗ ನೆನೆಸಿಕೊಂಡರೆ ಆ ಬೆನ್ನಿಗೆ ಒಂದು ಬಾರಿಸಬೇಕು ಅನಿಸುತ್ತದೆ.

ಮರುದಿನ ಸಂಜೆ ತಮ್ಮ ಒಬ್ಬನೇ ನನ್ನ ಮನೆಗೆ ಬಂದ. ಬಗಲಲ್ಲಿ ಹಳೆಯ ಪತ್ರಿಕೆ ಸುತ್ತಿದ ಗಾಜು, ಹೆಗಲಿಗೆ ಸಾಮಾನಿನ ಚೀಲ. ಚೀಲದ ಬಾಯಿಂದ ಕೆಂಪು ಫೈಲಿನ ಮೂಲೆ ಇಣುಕುತ್ತಿತ್ತು.

“ಅಡುಗೆಮನೆ ಕಿಟಕಿ ಬಿರುಕು ಬಿಟ್ಟು ಎಷ್ಟು ತಿಂಗಳಾಯ್ತು? ನನ್ನಂಥ ತಮ್ಮನ್ನ ಇಟ್ಕೊಂಡು ಟೇಪ್ ಅಂಟಿಸ್ಕೊಂಡಿದೀಯ. ಯಾರಾದ್ರೂ ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

“ನಿನಗೆ ಮರ್ಯಾದೆ ಬೇರೆ ಇದೆಯಾ?” ಅಂದೆ. ನಕ್ಕ. ನಾವು ಹೀಗೆಯೇ ಮಾತಾಡಿಕೊಳ್ಳುವವರು.

ನಮ್ಮಿಬ್ಬರ ಬಗ್ಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮಪ್ಪನ ಮನೆಯಲ್ಲಿ ಕೇಳುವುದು ದೊಡ್ಡ ಅಪರಾಧವಾಗಿತ್ತು. ಪೆನ್ಸಿಲ್ ಬೇಕು ಎಂದರೆ ಅಪ್ಪ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. “ನಾನಾಗಿ ನೋಡಿ ತರೋ ತನಕ ತಡ್ಕೊಳೋಕಾಗಲ್ವಾ?” ಎಂದು ಎರಡು ದಿನ ಮಾತು ಬಿಡುತ್ತಿದ್ದ. ಆದ್ದರಿಂದ ನಾವು ಕೇಳುತ್ತಿರಲಿಲ್ಲ. ಸವೆದು ಬೆರಳಿಗೆ ಸಿಗದಷ್ಟು ಚಿಕ್ಕದಾದ ಪೆನ್ಸಿಲ್ ತುಂಡನ್ನು ಅಪ್ಪ ಊಟಕ್ಕೆ ಕೂರುವ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದೆವು. ಅಪ್ಪ ನೋಡುತ್ತಿದ್ದ. ಮರುದಿನ ಆ ಜಾಗದಲ್ಲಿ ಹೊಸ ಪೆನ್ಸಿಲ್ ಇರುತ್ತಿತ್ತು. ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಹರಿದ ಚಪ್ಪಲಿ, ಗುಂಡಿ ಹೋದ ಅಂಗಿ, ಪರೀಕ್ಷೆಯ ಶುಲ್ಕದ ಚೀಟಿ, ಎಲ್ಲವೂ ಆ ಮೇಜಿನ ಮೇಲೆಯೇ ನಡೆಯಿತು. ಅಪ್ಪ ಹೋದ ಮೇಲೆ ತಮ್ಮ ತನ್ನ ಪೆನ್ಸಿಲ್ ತುಂಡುಗಳನ್ನು ನನ್ನ ಕಣ್ಣಿಗೆ ಬೀಳುವಲ್ಲಿ ಇಡುತ್ತಿದ್ದ. ನಾನು ತಂದಿಡುತ್ತಿದ್ದೆ.

ಆ ಸಂಜೆ ಅವನು ಚೀಲದಿಂದ ಒಂದೊಂದೇ ಸಾಮಾನು ತೆಗೆದ. ಅಳತೆಯ ಪಟ್ಟಿ, ಚಿಮುಟ, ಸಣ್ಣ ಸುತ್ತಿಗೆ. ಕೊನೆಗೆ ಕೆಂಪು ಫೈಲನ್ನು ತೆಗೆದು ನನ್ನ ಊಟದ ಮೇಜಿನ ಮೇಲೆ, ಸರಿಯಾಗಿ ನಾನು ಕೂರುವ ಜಾಗದಲ್ಲಿ ಇಟ್ಟು, ಬೆನ್ನು ತಿರುಗಿಸಿ ಕಿಟಕಿಯ ಕೆಲಸಕ್ಕೆ ನಿಂತ.

ನನಗೆ ಅರ್ಥವಾಗಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದು ಹೋಗಲಿ. ಅರ್ಥವಾಗಿತ್ತು.

ಅವನು ಬೇಕೆಂದೇ ನಿಧಾನ ಮಾಡಿದ. ಕಿಟಕಿಯ ಚೌಕಟ್ಟನ್ನು ಅಳೆದ, ಮತ್ತೆ ಅಳೆದ. ಒಡಕು ಗಾಜಿನ ಚೂರುಗಳನ್ನು ಒಂದೊಂದಾಗಿ ಬಿಡಿಸಿ ಪತ್ರಿಕೆಯಲ್ಲಿ ಸುತ್ತಿದ. ಬೆನ್ನು ಮಾಡಿಕೊಂಡೇ ಹೊಸ ಮನೆಯ ಮಾತಾಡಿದ.

“ಮೂರನೇ ಮಹಡಿ ಅಕ್ಕ. ಆರು ಕಿಟಕಿ. ಒಂದೊಂದನ್ನೂ ಉಗುರಲ್ಲಿ ತಟ್ಟಿ ನೋಡಿದೀನಿ, ಒಳ್ಳೇ ಗಾಜು. ಮರಿ ಮಲಗೋ ಕೋಣೆಗೆ ಎರಡು ಕಡೆಯಿಂದ ಗಾಳಿ.”

“ಹೂಂ.”

“ಕಾಗದ ಮಾತ್ರ ಬಹಳ ಪುಟ ಇದೆ.”

“ಇರತ್ತೆ.”

ನಾನು ಫೈಲನ್ನೇ ನೋಡುತ್ತಾ ನಿಂತಿದ್ದೆ. ಕೈ ಚಾಚಿದರೆ ಸಿಗುತ್ತಿತ್ತು. ಕಚೇರಿಯಲ್ಲಾಗಲಿ ಹೊರಗಾಗಲಿ ಎಂದು ಬರೆದವಳು ನಾನೇ ಎಂಬ ಹೆಮ್ಮೆ ಒಂದು ಕಡೆ. ಈ ವಯಸ್ಸಿಗಾದರೂ ಬಾಯಿ ಬಿಟ್ಟು ಕೇಳಲಿ ಎಂಬ ಹಟ ಇನ್ನೊಂದು ಕಡೆ. ಹೇಗೂ ಸಹಿಯನ್ನು ಸೋಮವಾರಕ್ಕೆ ಹಾಕಿಸಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಕಿಸಿದೆಯಾ ಎಂದು ಮಾತ್ರ ಕೇಳಲಿಲ್ಲ. ಆಮೇಲೆ ಮೇಜು ಒರೆಸುವ ನೆಪ ಮಾಡಿ, ಒದ್ದೆಯಾಗದಿರಲಿ ಎಂಬಂತೆ ಫೈಲನ್ನು ಎತ್ತಿ ಅವನ ಚೀಲದ ಮೇಲೆ ಇಟ್ಟೆ.

ಅವನು ತಿರುಗಿದಾಗ ಮೇಜು ಖಾಲಿಯಾಗಿತ್ತು. ಒಂದು ಗಳಿಗೆ ಆ ಖಾಲಿ ಜಾಗವನ್ನು ನೋಡಿದ. ಸಾಮಾನು ಚೀಲಕ್ಕೆ ತುಂಬಿಕೊಂಡ. ಬಾಗಿಲ ತನಕ ಹೋಗಿ ನಿಂತ.

“ಅಕ್ಕ…”

“ಏನು?”

“ಎರಡು ದಿನ ಆ ಗಾಜಿಗೆ ಕೈ ಹಚ್ಚಬೇಡ. ಅಂಟು ಒಣಗ್ಬೇಕು.”

ಶುಕ್ರವಾರ ಸಹಿ ಆಯಿತು.

ಒಂದು ತಿಂಗಳಾದ ಮೇಲೆ ಹೊಸ ಮನೆಗೆ ಹೋದೆ. ತಮ್ಮನ ಹೆಂಡತಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು. “ಎಲ್ಲ ನಿಮ್ಮಿಂದ ಅಕ್ಕ. ನೀವಿಲ್ದಿದ್ರೆ ನನಗೆ ಸಹಿ ಹಾಕೋ ಧೈರ್ಯನೇ ಬರ್ತಿರ್ಲಿಲ್ಲ” ಅಂದಳು. ಮಂಗಳವಾರ ವಾಪಸು ಕಳಿಸಿದ್ದಕ್ಕೆ ಕುಟುಕುತ್ತಿದ್ದಾಳೆ ಎಂದುಕೊಂಡು ನನ್ನ ಮುಖ ಹುಳ್ಳಗಾಯಿತು. ತಮ್ಮ ಗಡಿಬಿಡಿಯಿಂದ ನಡುವೆ ಬಂದು, “ಬಾ ಅಕ್ಕ, ಕಿಟಕಿ ತೋರಿಸ್ತೀನಿ” ಎಂದು ಒಳಗೆ ಎಳೆದುಕೊಂಡು ಹೋದ.

ಕಿಟಕಿಗಳು ನಿಜವಾಗಿಯೂ ಚೆನ್ನಾಗಿದ್ದವು. ಮರಿ ನೆಲದ ಬಿಸಿಲಿನಲ್ಲಿ ಹೊಟ್ಟೆ ಕೆಳಗೆ ಮಾಡಿ ಮಲಗಿ ಚಿತ್ರ ಬಿಡಿಸುತ್ತಿದ್ದಳು. “ಅತ್ತೆ, ನಾನು ಈಗ ಕೆಮ್ಮಲ್ಲ, ನೋಡು” ಎಂದು ಜೋರಾಗಿ ಉಸಿರೆಳೆದು ತೋರಿಸಿದಳು. ಪೂರ್ತಿ ಒಂದು ಗಂಟೆ ಕೂತಿದ್ದೆ, ಒಂದು ಸಲವೂ ಕೆಮ್ಮು ಕೇಳಲಿಲ್ಲ.

ಹೊರಡುವಾಗ ಸುಮ್ಮನಿರಲಾರದೆ, “ಕಂತು ಎಷ್ಟು ಬರತ್ತೆ?” ಅಂದೆ. ತಮ್ಮ ಹೆಮ್ಮೆಯಿಂದ ಹೇಳಿದ. ಅಷ್ಟು ದೊಡ್ಡ ಸಾಲಕ್ಕೆ ಅಷ್ಟು ಸಣ್ಣ ಕಂತು ಸಾಧ್ಯವೇ ಇಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಇಂಥ ಸಾಲಗಳಲ್ಲಿ ಮೊದಲ ಎರಡು ವರ್ಷ ಕಂತು ತೋರಿಕೆಗೆ ಇಳಿದಿರುತ್ತದೆ, ಆಮೇಲೆ ನಿಜವಾದ ಬಡ್ಡಿ ಹೊರಗೆ ಬರುತ್ತದೆ. ಆದರೆ ಸಹಿ ಆಗಿತ್ತು. ಬಿಸಿಲಿನಲ್ಲಿ ಮಗು ಮಲಗಿತ್ತು. ಈಗ ಬಾಯಿ ಬಿಟ್ಟು ಇವರ ನಿದ್ದೆ ಯಾಕೆ ಕೆಡಿಸಲಿ ಎಂದು ನಾಲಿಗೆ ಕಚ್ಚಿಕೊಂಡು ಮೆಟ್ಟಿಲಿಳಿದೆ. ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ನಾನು ಕೂರಿಸಿಕೊಂಡು ಫೈಲು ತರಿಸುತ್ತಿದ್ದೆ, ಇರುವ ಎರಡು ವರ್ಷದಲ್ಲಿ ಸಾಲವನ್ನು ಬೇರೆ ಕಡೆಗೆ ಬದಲಾಯಿಸುವ ದಾರಿ ಹುಡುಕುತ್ತಿದ್ದೆ. ತಮ್ಮನಾದ್ದರಿಂದ ಏನೂ ಮಾಡಲಿಲ್ಲ.

ಎರಡು ವರ್ಷ ನೆಮ್ಮದಿಯಾಗಿ ಕಳೆಯಿತು. ಇಪ್ಪತ್ತೈದನೇ ತಿಂಗಳು ಕಂತು ಒಂದೂವರೆ ಪಟ್ಟು ಆಯಿತು. ಅದು ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ತಮ್ಮ ಭಾನುವಾರವೂ ಕೆಲಸಕ್ಕೆ ಹೋಗುತ್ತಿದ್ದಾನೆ, ಅವನ ಹೆಂಡತಿ ಎರಡು ಪಾಳಿ ಮಾಡುತ್ತಿದ್ದಾಳೆ, ಮತ್ತು ಅವಳು ನನ್ನ ಮನೆಗೆ ಬರುವುದನ್ನು ನಿಲ್ಲಿಸಿದ್ದಾಳೆ. ಮಾರುಕಟ್ಟೆಯಲ್ಲಿ ಎದುರಾದರೆ ತರಕಾರಿಯ ಕಡೆ ಮುಖ ತಿರುಗಿಸುತ್ತಿದ್ದಳು. “ಮೇಸ್ತ್ರಿಣಿಗೆ ಮನೆ ಬಂದ ಮೇಲೆ ಕೊಬ್ಬು ಬಂದಿದೆ” ಎಂದು ನಾನು ಕನ್ನಡಕದವರ ಹತ್ತಿರ ಅಂದೂಬಿಟ್ಟೆ. ಅವರು ಯಾರ ಮನೆಯ ವಿಷಯಕ್ಕೂ ಮೂಗು ತೂರಿಸುವವರಲ್ಲ.

ತಮ್ಮನೂ ಬರುವುದು ಕಡಿಮೆಯಾಯಿತು. ಬಂದರೂ ಕುರ್ಚಿಯ ಅಂಚಿನಲ್ಲಿ ಕೂತು, ಚೆನ್ನಾಗಿದೀನಿ ಅಕ್ಕ ಎಂದು ಎದ್ದು ಹೋಗುತ್ತಿದ್ದ. ಮೇಜಿನ ಮೇಲೆ ಏನನ್ನೂ ಇಡುತ್ತಿರಲಿಲ್ಲ.

ಹೋದ ತಿಂಗಳು ಒಂದು ಸೋಮವಾರ ಬೆಂಚಿನ ಮೇಲೆ ಅವರಿಬ್ಬರನ್ನೂ ಕಂಡೆ. ತಮ್ಮನ ತೊಡೆಯ ಮೇಲೆ ಅದೇ ಕೆಂಪು ಫೈಲು, ಅಂಚು ಸವೆದಿತ್ತು. ಅದರ ಮೇಲೆ ಬಾಗಿಲಿನಿಂದ ಕಿತ್ತು ತಂದಿದ್ದರಿಂದ ಮೂಲೆಗಳಲ್ಲಿ ಗೋಂದು ಉಳಿದಿದ್ದ ನೋಟಿಸು. ಆ ಅಳತೆಯ ನೋಟಿಸು ದೂರದಿಂದಲೇ ನನಗೆ ಗುರುತು ಸಿಗುತ್ತದೆ. ಅದು ಮನೆ ಹರಾಜಿಗೆ ದಿನ ಗೊತ್ತು ಮಾಡಿದ ಮೇಲೆ ಅಂಟಿಸುವಂಥದ್ದು.

ಅವರ ಸರದಿ ಬಂತು. ತಮ್ಮನ ಹೆಂಡತಿ ನನ್ನ ಕಡೆ ನೋಡದೆ, “ನಮಗೆ ಆಚೆ ಮೇಜು ಅಲ್ವಾ?” ಎಂದು ಗೋಡೆಗೆ ಕೇಳಿದಂತೆ ಕೇಳಿ ಕನ್ನಡಕದವರ ಎದುರು ಕೂತಳು. ಎರಡು ಮೇಜಿನ ನಡುವೆ ನಾಲ್ಕು ಹೆಜ್ಜೆ ದೂರ. ಆ ಕೋಣೆಯಲ್ಲಿ ಗುಟ್ಟು ಎಂಬುದಿಲ್ಲ. ನನ್ನೆದುರು ಆಗ ಯಾರೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕನ್ನಡಕದವರು ನೋಟಿಸು ಓದಿದರು. ಕರಾರುಪತ್ರವನ್ನು ಪುಟಪುಟವಾಗಿ ತಿರುವಿದರು. ಹತ್ತೊಂಬತ್ತನೇ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು.

“ಎರಡು ವರ್ಷ ಆದ ಮೇಲೆ ಕಂತು ಏರುತ್ತೆ ಅಂತ ಇಲ್ಲಿ ಬರೆದಿದೆ. ಏಜೆಂಟು ಇದನ್ನ ಓದಿ ಹೇಳಲಿಲ್ವಾ?”

“ಎಲ್ಲಾ ಪುಟನೂ ಓದ್ದ,” ತಮ್ಮ ಅಂದ. “ಇದೊಂದು ಪುಟಕ್ಕೆ ಬಂದಾಗ ಮರಿಗೆ ಚಾಕೊಲೇಟ್ ಬಿಚ್ಚಿ ಕೊಡ್ತಾ ಇದ್ದ.”

“ಕಂತು ಏರಿದಾಗಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಎಂಟು ಕಂತು ಬಾಕಿ ಬಿದ್ದಿದೆ. ಹರಾಜಿನ ತಾರೀಕು ಬಂದಾಗಿದೆ.” ಕನ್ನಡಕದವರು ದನಿ ಏರಿಸುವವರಲ್ಲ. ನನ್ನ ಹಾಗೆ ಗೋಡೆಗೆ ನೇತು ಹಾಕ್ಲಾ ಎನ್ನುವವರೂ ಅಲ್ಲ. “ಮನೆ ಉಳಿಯೋದು ಕಷ್ಟ ಅಮ್ಮ. ಉಳಿಯತ್ತೆ ಅಂತ ನಾನು ಸುಳ್ಳು ಹೇಳಲ್ಲ.”

ತಮ್ಮನ ಹೆಂಡತಿ ತಲೆಯಾಡಿಸಿದಳು. ಅವಳಿಗೆ ಅದು ಮೊದಲೇ ಗೊತ್ತಿದ್ದಂತಿತ್ತು. ತಮ್ಮ ನೆಲ ನೋಡುತ್ತಾ ಒಂದು ಬೆರಳಿನ ಹಳೆಯ ಗಾಯವನ್ನು ಇನ್ನೊಂದು ಬೆರಳಿಂದ ಉಜ್ಜುತ್ತಿದ್ದ. ಮರಿ ಮತ್ತೆ ಹೊಟ್ಟು ಬೀಳುವ ಯಾವ ಕೋಣೆಗೆ ಹೋಗಬೇಕೋ. ಅವಳಿಗೀಗ ಹತ್ತು ವರ್ಷ.

ಕನ್ನಡಕದವರು ನಮ್ಮ ಕೇಂದ್ರದ ಫಾರಂ ತೆಗೆದರು. ಬಂದ ಪ್ರತಿಯೊಬ್ಬರದನ್ನೂ ತುಂಬಿ ಮೇಲಕ್ಕೆ ಕಳಿಸುವುದು ನಮ್ಮ ಪದ್ಧತಿ. ಹೆಸರು, ಸಾಲದ ವರ್ಷ, ಕಂಪನಿ ಎಲ್ಲ ಬರೆದುಕೊಂಡು ಕೊನೆಯ ಪ್ರಶ್ನೆಗೆ ಬಂದರು.

“ಸಹಿ ಹಾಕೋ ಮುಂಚೆ ಈ ಕಾಗದನ ತಿಳಿದವರು ಯಾರಿಗಾದ್ರೂ ತೋರಿಸಿದ್ರಾ?”

“ಇಲ್ಲ,” ತಮ್ಮ ಥಟ್ಟನೆ ಅಂದ.

“ಯಾಕೆ ಇಲ್ಲ ಅಂತೀರಾ?” ಅವನ ಹೆಂಡತಿ ಅವನ ಕಡೆ ತಿರುಗಿದಳು. “ತೋರಿಸಿದ್ವಿ ಸರ್. ಮಂಗಳವಾರ ಇಲ್ಲಿ ನಿಯಮ ಅಂದ್ರು. ಮನೇಲಿ ಅವರು ಅಕ್ಕ, ಮೇಜಿನೋರಲ್ಲ, ಹೋಗಿ ಬಾಯಿ ಬಿಟ್ಟು ಕೇಳಿ ಅಂತ ಬುಧವಾರ ನಾನೇ ಇವರನ್ನ ಕಳಿಸಿದೆ. ಹೋಗಿ ತೋರಿಸಿ ಬಂದ್ರು. ಅವರು ಕೂತು ಪೂರ್ತಿ ಓದಿ ಎಲ್ಲಾ ಸರಿ ಇದೆ ಅಂದ್ರಂತೆ. ಅದಕ್ಕೇ ನಾನು ಸಹಿ ಹಾಕಿದ್ದು. ಆ ಏಜೆಂಟಿನ ಮುಖ ನೋಡಿ ಹಾಕಿದ್ದಲ್ಲ.”

ಅವಳು ನನ್ನ ಕಡೆ ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ.

ಕನ್ನಡಕದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲವೂ ಒಟ್ಟಿಗೇ ನನಗೆ ಅರ್ಥವಾಯಿತು. ಹೊಸ ಮನೆಯ ಬಾಗಿಲಲ್ಲಿ ಅವಳು ನನ್ನ ಕೈ ಹಿಡಿದದ್ದು ಕುಟುಕಲಿಕ್ಕಲ್ಲ. ಕಂತು ಏರಿದ ತಿಂಗಳಿಂದ ಮುಖ ತಿರುಗಿಸಿದ್ದು ಕೊಬ್ಬಿನಿಂದಲ್ಲ. ಆ ಬುಧವಾರ ಸಂಜೆ ನನ್ನ ಮನೆಯಿಂದ ಹೋಗುವ ದಾರಿಯಲ್ಲಿ, ಕೇಳಲಾಗಲಿಲ್ಲ ಎಂದು ಹೆಂಡತಿಗೆ ಹೇಳಲಾರದೆ, ಅಕ್ಕ ಮೇಜು ಒರೆಸಿ ಫೈಲನ್ನು ಚೀಲದ ಮೇಲಿಟ್ಟಳು ಎಂದಂತೂ ಹೇಳಲಾರದೆ, ನನ್ನ ತಮ್ಮ ಒಂದು ಸುಳ್ಳು ಹುಡುಕಿಕೊಂಡಿದ್ದ. ನನ್ನನ್ನು ಒಳ್ಳೆಯವಳನ್ನಾಗಿ ಉಳಿಸುವ ಸುಳ್ಳು. ಅವಳ ತವರಿನಲ್ಲಿ ಎಲ್ಲರೂ ಬಾಯಿ ಬಿಟ್ಟು ಕೇಳುವವರು, ಪೆನ್ಸಿಲ್ ತುಂಡಿನ ಕಥೆ ಅವಳಿಗೆ ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ತಮ್ಮ ಈಗ ನನ್ನ ಕಡೆ ನೋಡಿದ. ಒಂದೇ ಸಲ ನೋಡಿ ಕಣ್ಣು ಕೆಳಗೆ ಹಾಕಿದ.

ನಾನು ‘ಇಲ್ಲ’ ಎಂದರೆ ಸಾಕಿತ್ತು. ಅದು ನಿಜವೂ ಆಗಿತ್ತು. ನಾನು ಆ ಫೈಲು ತೆರೆಯಲೇ ಇಲ್ಲ, ನಿಯಮದ ಒಂದು ಅಕ್ಷರವನ್ನೂ ಮೀರಿಲ್ಲ. ಆ ಒಂದು ಮಾತಿನಿಂದ ನಾನು ತೊಳೆದಷ್ಟು ಶುದ್ಧವಾಗಿ ಹೊರಗೆ ಬರುತ್ತಿದ್ದೆ. ಮನೆ ಕಳೆದುಕೊಳ್ಳುತ್ತಿರುವ ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರ ಮೇಲಿನ ನಂಬಿಕೆಯೂ ಅದೇ ದಿನ ಹೋಗುತ್ತಿತ್ತು.

“ಹೌದು,” ಅಂದೆ. “ತಂದಿದ್ದ. ನಾನು ಓದಿದೆ. ಹತ್ತೊಂಬತ್ತನೇ ಪುಟ ಸರಿಯಾಗಿ ನೋಡಲಿಲ್ಲ.”

ಕನ್ನಡಕದವರು ನನ್ನನ್ನೇ ದಿಟ್ಟಿಸಿದರು. ಆರು ವರ್ಷ ನನ್ನ ಪಕ್ಕದಲ್ಲಿ ಕೂತವರು. ನಾನು ಒಂದು ಪುಟವನ್ನು ಸರಿಯಾಗಿ ನೋಡದೆ ಬಿಡುವವಳಲ್ಲ ಎಂಬುದು ಅವರಿಗೆ ಗೊತ್ತಿಲ್ಲವೇ?

“ಬರೀಲಾ?” ಎಂದು ಮೆಲ್ಲಗೆ ಕೇಳಿದರು.

“ಬರೀರಿ.”

ಬರೆದರು. ಫಾರಂಗೆ ಎರಡೂ ಮೇಜಿನವರ ಸಹಿ ಬೇಕು. ಎದ್ದು ನಾಲ್ಕು ಹೆಜ್ಜೆ ನಡೆದು ಹೋಗಿ ನಾನೇ ಸಹಿ ಹಾಕಿದೆ. ಜೀವನದಲ್ಲಿ ಮೊದಲ ಸಲ ಮೇಲಿನದನ್ನು ಓದದೆ ಸಹಿ ಹಾಕಿದೆ.

ತಮ್ಮನ ಹೆಂಡತಿ ಆಗ ನನ್ನನ್ನು ನೋಡಿದಳು. ಹತ್ತು ತಿಂಗಳಲ್ಲಿ ಅದೇ ಮೊದಲು. ಕಣ್ಣಲ್ಲಿ ಸಿಟ್ಟು ಇತ್ತೋ ಇಲ್ಲವೋ, ದಣಿವಂತೂ ಇತ್ತು.

“ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ, ಆವತ್ತು. ಬೇಡ ಅಂತ ಒಂದೇ ಒಂದು ಮಾತು.”

“ಹೇಳಬಹುದಿತ್ತು,” ಅಂದೆ. ಆ ಬೆಳಗ್ಗೆ ನಾನು ಹೇಳಿದ್ದರಲ್ಲಿ ಅದೊಂದೇ ನಿಜ.

ಅವಳು ನೋಟಿಸು ಮಡಿಸಿದಳು. ಆಸ್ಪತ್ರೆಯ ಹೊದಿಕೆ ಮಡಿಸುವಂತೆ ಅಂಚಿಗೆ ಅಂಚು ಸೇರಿಸಿ ಮಡಿಸಿ ಫೈಲಿನೊಳಗಿಟ್ಟು, ಗಂಡನಿಗೆ ಕಾಯದೆ ಹೊರಗೆ ನಡೆದಳು. ಇನ್ನು ಈ ತಿಂಗಳ ಕೊನೆಗೆ ನಾನು ಮೇಜು ಬಿಡಬೇಕು, ಮೇಲಿನಿಂದ ಪತ್ರ ಬಂದಿದೆ. ನಾನೇ ಬರೆದ ವಾಕ್ಯವನ್ನು ಅದರಲ್ಲಿ ಉದ್ಧರಿಸಿದ್ದಾರೆ, ಒಂದು ಅಲ್ಪವಿರಾಮವನ್ನೂ ಬದಲಿಸಿಲ್ಲ. ಮರಿಯನ್ನು ಎಲ್ಲಿ ಮಲಗಿಸುತ್ತಾರೋ ಇನ್ನೂ ಗೊತ್ತಾಗಿಲ್ಲ. ನನ್ನ ಮನೆಗೆ ಬನ್ನಿ ಎಂದು ಹೇಳಿ ಕಳಿಸಿದೆ. ಅವಳು ಬರುವುದಿಲ್ಲ ಎಂದಳಂತೆ.

ಆ ದಿನ ತಮ್ಮ ಮಾತ್ರ ಬಾಗಿಲ ಹತ್ತಿರ ಹೋಗಿ ನಿಂತ. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟುಕೊಂಡು ತಿರುಗಿದ.

“ಅಕ್ಕ…”

“ಏನು?”

ಅವನ ಬಾಯಿ ತೆರೆಯಿತು, ಮುಚ್ಚಿತು. ಬೆಂಚಿನ ಮೇಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಈ ಸಲವಾದರೂ ನಾನು ಎದ್ದು ಅವನ ಹತ್ತಿರ ಹೋಗಬೇಕಾಗಿತ್ತು.

“ಮೆಟ್ಟಿಲು ನೋಡ್ಕೊಂಡು ಇಳೀರಿ,” ಅಂದೆ.